ಅಜ್ಜಿಯ ಮುಖಕ್ಕೊಂದು ಉಪಮೆ, ಹೆಡ್ ಮೇಷ್ಟ್ರಿಗೊಂದು ರೂಪಕ

ನನಗೆ ಮೊದಲ ಕೆಲಸ ಸಿಕ್ಕಿದ್ದು ಮರಳವಾಡಿಯಿಂದ ಎರಡು ಮೈಲಿ ಒಳಗಿದ್ದ ಒಂದು ಹಳ್ಳಿಯ ಶಾಲೆಯಲ್ಲಿ. ಹಳ್ಳಿಯ ಹೆಸರು ಹೇಳುವುದಿಲ್ಲ. ಅಲ್ಲಿಯವರು ಓದಿದರೆ ಇನ್ನೊಂದು ಸಲ ಜಗಳಕ್ಕೆ ಬರುತ್ತಾರೆ. ನಾನು ಚನ್ನಪಟ್ಟಣದ ಪೇಟೆಬೀದಿಯಲ್ಲಿ ಬೆಳೆದವಳು. ಆಗ ಇಪ್ಪತ್ತೆರಡು ವರ್ಷ. ಕೈಯಲ್ಲಿ ಒಂದು ಕೊಡೆ, ಚೀಲದಲ್ಲಿ ಸ್ವಂತ ದುಡ್ಡಿನ ಬಣ್ಣದ ಚಾಕ್‌ಪೀಸು, ತಲೆಯಲ್ಲಿ ಅಲಂಕಾರ, ಛಂದಸ್ಸು, ಸಂಧಿ, ಸಮಾಸ.

ಅದು ರೇಷ್ಮೆಯ ಕಾಲ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲೆಲ್ಲ ಹಿಪ್ಪುನೇರಳೆ ಎದ್ದಿತ್ತು. ನಡುಮನೆಗಳನ್ನೆಲ್ಲ ಹುಳ ಹಿಡಿದುಕೊಂಡು ಮನೆಯವರು ಜಗಲಿಗೆ ಬಂದಿದ್ದರು. ಮಕ್ಕಳು ಶಾಲೆಗೆ ಬರುವುದು ಕೂಡ ಹುಳಗಳ ಅನುಕೂಲ ನೋಡಿಕೊಂಡೇ. ಹಾಜರಿ ಕೂಗಿದರೆ, "ಅವ್ನು ಸೊಪ್ಪು ಕುಯ್ಯಕ್ಕೆ ಹೋಗವ್ನೆ ಮಿಸ್" ಎಂದು ಪಕ್ಕದವನು ಹೇಳುತ್ತಿದ್ದ. ಹೇಳಿದವನು ಮಾರನೆಯ ದಿನ ತಾನೇ ಸೊಪ್ಪು ಕೊಯ್ಯಲು ಹೋಗಿರುತ್ತಿದ್ದ.

ಏಳನೇ ಕ್ಲಾಸಿಗೆ ಉಪಮಾಲಂಕಾರ ಪಾಠ ಮಾಡಿದ ದಿನ ನಾನು ಬೋರ್ಡಿನ ಮೇಲೆ ಹಳದಿ ಚಾಕ್‌ಪೀಸಿನಲ್ಲಿ ದೊಡ್ಡದಾಗಿ ಬರೆದೆ: "ಅವಳ ಮುಖ ಚಂದ್ರನಂತಿದೆ." ಮುಖ ಉಪಮೇಯ, ಚಂದ್ರ ಉಪಮಾನ, 'ಅಂತೆ' ಎನ್ನುವುದು ಉಪಮಾವಾಚಕ ಎಂದು ವಿವರಿಸಿ, ತಿರುಗಿ ನೋಡಿದೆ. ಕಿಟಕಿಯ ಪಕ್ಕದಲ್ಲಿ ಒಂದು ಕೈ ಮೇಲೆದ್ದಿತ್ತು. ಕುರಿ ಸಾಕುವ ಮನೆಯ ಹುಡುಗಿ. ಎರಡು ಜಡೆ, ಒಂದಕ್ಕೆ ಮಾತ್ರ ರಿಬ್ಬನ್ನು.

"ಯಾವತ್ತಿನ ಚಂದ್ರ ಮಿಸ್?"

"ಯಾವತ್ತಿನ ಚಂದ್ರ ಅಂದರೆ?"

"ಹುಣ್ಣಿಮೇದಾ, ತದಿಗೇದಾ? ತದಿಗೇದಾದ್ರೆ ಮುಖ ಕುಡುಗೋಲು ಆಯ್ತದೆ."

ಹುಡುಗರು ಕೇಕೆ ಹಾಕಿದರು. ನಾನು ಚಂದ್ರನನ್ನು ಅಳಿಸಿ ತಾವರೆ ಬರೆದೆ. "ನಮ್ ಕೆರೇಲಿ ತಾವರೆ ಇಲ್ಲ ಮಿಸ್, ಜೊಂಡು ಐತೆ" ಎಂದಳು ಅದೇ ಹುಡುಗಿ. ನನಗೆ ರೇಗಿತು. ಪುಸ್ತಕ ಮುಚ್ಚಿದೆ. "ಹಾಗಾದರೆ ನೀವೇ ಮಾಡಿಕೊಂಡು ಬನ್ನಿ. ಮನೆಯಲ್ಲಿ ಇರುವವರನ್ನು ಸರಿಯಾಗಿ ನೋಡಿ, ನೀವು ಕಣ್ಣಾರೆ ಕಂಡಿರುವ ವಸ್ತುವಿಗೇ ಹೋಲಿಸಿ, ಐದು ಉಪಮೆ ಬರೆಯಿರಿ. ಪುಸ್ತಕದ್ದು ಒಂದೂ ಬೇಡ" ಎಂದೆ. ಆ ಹೋಂವರ್ಕು ನನ್ನ ಹನ್ನೆರಡು ವರ್ಷದ ಓದನ್ನೂ ಮೀರಿಸಿತು.

ಮಾರನೆಯ ದಿನ ಪುಸ್ತಕಗಳು ಬಂದವು. "ನಮ್ಮಪ್ಪನ ಗೊರಕೆ ನೀರಿಲ್ಲದ ಬೋರ್‌ವೆಲ್ಲಿನ ಮೋಟರು ಗಾಳಿ ಎಳೆದ ಹಾಗೆ." "ನಮ್ಮ ಚಿಕ್ಕಪ್ಪ ಕೆಲಸ ಅಂದರೆ ಚೇಳಿನ ಹಾಗೆ ಕಲ್ಲಡಿಗೆ ಸೇರಿಕೊಳ್ಳುತ್ತಾನೆ." ಒಬ್ಬ ಹುಡುಗ ಬರೆದಿದ್ದ: "ನಮ್ಮ ಸೋದರತ್ತೆ ಬಂದರೆ ಊಜಿ ನೊಣ ಬಂದ ಹಾಗೆ ಅವ್ವ ಕಿಟಕಿ ಬಾಗಿಲು ಹಾಕುತ್ತಾಳೆ." ಊಜಿ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಬೆಳೆಯನ್ನೇ ಹಾಳು ಮಾಡುತ್ತದೆ. ಆ ಸೋದರತ್ತೆ ಏನು ಮಾಡುತ್ತಿದ್ದಳೋ ನಾನು ಕೇಳಲಿಲ್ಲ.

ಕುರಿಮನೆಯ ಹುಡುಗಿ ಬರೆದದ್ದು: "ನಮ್ಮಜ್ಜಿ ಮುಖ ಚಂದ್ರಂಕಿ ಹಾಗೆ ಐತೆ."

ಪಾಪ, ಚಂದ್ರ ಅನ್ನುವುದಕ್ಕೆ ತಪ್ಪು ಬರೆದಿದ್ದಾಳೆ ಎಂದುಕೊಂಡು ನಾನು ಕೆಂಪು ಶಾಯಿಯಲ್ಲಿ 'ಚಂದ್ರನ' ಎಂದು ತಿದ್ದಿದೆ. ಪುಸ್ತಕ ನೋಡಿ ಅವಳ ಮುಖ ಕೆಂಪಾಯಿತು. ಸೀದಾ ನನ್ನ ಕೈ ಹಿಡಿದು ಶಾಲೆಯ ಬಾಗಿಲಿಗೆ ಕರೆದುಕೊಂಡು ಹೋಗಿ ಎದುರು ಮನೆಯ ಗೋಡೆ ತೋರಿಸಿದಳು. ಗೋಡೆಗೆ ಆನಿಸಿ ಬಿಸಿಲಿಗಿಟ್ಟಿದ್ದ ದೊಡ್ಡ ಬಿದಿರಿನ ಚಾಪೆ. ಅದರ ಮೇಲೆ ಅಂಚಿನಿಂದ ನಡುವಿನವರೆಗೂ ಸುತ್ತು ಸುತ್ತಾಗಿ ಹೆಣೆದ ಬಿದಿರ ಪಟ್ಟಿ. ಹಣ್ಣಾದ ಹುಳು ಅದರೊಳಗೆ ಕೂತು ಗೂಡು ಕಟ್ಟುತ್ತದೆ. ಅದೇ ಚಂದ್ರಂಕಿ. ನಾನು ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆ, ನೋಡಿರಲಿಲ್ಲ.

ಐದಕ್ಕೆ ಐದು ಕೊಟ್ಟೆ. ಅಷ್ಟಕ್ಕೆ ಸುಮ್ಮನಿರದೆ ಎದ್ದು ನಿಂತು ಗಟ್ಟಿಯಾಗಿ ಓದು ಎಂದೆ. ಓದಿದಳು. ಮೂವತ್ತು ಮಕ್ಕಳು ಮೂವತ್ತು ಮನೆಗೆ ಆ ಮಾತು ಮುಟ್ಟಿಸಿದರು.

ಮರುದಿನ ಹಾಜರಿ ಕೂಗಿ ಮುಗಿಸುವ ಮೊದಲೇ ಅಜ್ಜಿ ಕ್ಲಾಸಿನ ಬಾಗಿಲಿಗೆ ಬಂದರು. ಕೈಯಲ್ಲಿ ಕುರಿ ಹೊಡೆಯುವ ಕೋಲು.

"ಯಾರವ್ವ ಇಲ್ಲಿ ಕನ್ನಡದ ಮೇಡಮ್ಮ?"

"ನಾನೇ ಅಜ್ಜಿ."

"ನನ್ ಮುಖ ಚಂದ್ರಂಕಿ ಅಂತ ಹೇಳ್ಕೊಟ್ಟೋಳು ನೀನೇಯಾ? ಇಸ್ಕೂಲ್ಗೆ ಕಳ್ಸಾದು ನಾಕಕ್ಷರ ಕಲ್ಕಳ್ಳಿ ಅಂತ. ಮನೇವ್ರ ಮುಖ ಅಳ್ಯಕ್ಕಲ್ಲ."

ಅಷ್ಟರಲ್ಲಿ ಹುಡುಗಿ ಎದ್ದು ನಿಂತಳು.

"ಅಜ್ಜಿ, ನಾನು ನಿನ್ನ ಚಂದ್ರಂಕಿ ಅನ್ನಲಿಲ್ಲ. ಚಂದ್ರಂಕಿ ಹಾಗೆ ಅಂದೆ. ಚಂದ್ರಂಕೀನೇ ಅಂದ್ಬುಟ್ರೆ ಅದು ರೂಪಕ ಆಯ್ತದೆ. ಅದು ಮುಂದಿನ ವಾರ."

ಅಜ್ಜಿ ಮೊಮ್ಮಗಳನ್ನು ನೋಡಿದರು, ಆಮೇಲೆ ನನ್ನನ್ನು.

"ಮುಂದಿನ ವಾರ ಬೇರೆ ಐತಾ?"

"ಐತೆ ಅಜ್ಜಿ" ಎಂದೆ. ನನ್ನ ಬಾಯಲ್ಲಿ 'ಐತೆ' ಬಂದದ್ದು ಅದೇ ಮೊದಲು.

ಕುರ್ಚಿ ಹಾಕಿಸಿದೆ. ಉಪಮೆ ಅಂದರೆ ಬೈಗುಳವಲ್ಲ, ಒಂದನ್ನು ನೋಡಿ ಇನ್ನೊಂದನ್ನು ನೆನೆಸಿಕೊಳ್ಳುವುದು, ಚಂದ್ರಂಕಿ ಇಲ್ಲದೆ ಗೂಡಿಲ್ಲ, ಗೂಡಿಲ್ಲದೆ ರೇಷ್ಮೆ ಇಲ್ಲ, ಆದ್ದರಿಂದ ಇದು ದೊಡ್ಡ ಹೊಗಳಿಕೆ ಎಂದೆಲ್ಲ ಹೇಳಿದೆ.

"ಬೆಣ್ಣೆ ಹಚ್ಬ್ಯಾಡ" ಎಂದರು ಅಜ್ಜಿ. ನನ್ನನ್ನು ಕಾಲಿನಿಂದ ತಲೆಯವರೆಗೆ ಒಂದು ಸಲ ನೋಡಿ, "ನೀನು ನಡ್ಯಾದು ಹೆಂಗೈತೆ ಗೊತ್ತಾ? ಬಿಸ್ಲಿಗೆ ಕಾದಿರೋ ಬಂಡೆ ಮ್ಯಾಲೆ ಕೋಳಿ ನಡ್ದಂಗೈತೆ. ಇದು ನಿನ್ನ ಉಪಮೇನಾ?"

ನಾನು ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಕಲ್ಲುದಾರಿಯಲ್ಲಿ ಬರುತ್ತಿದ್ದವಳು. ಇಡೀ ಕ್ಲಾಸು ಮೇಜು ಗುದ್ದಿ ನಕ್ಕಿತು. "ಹೌದು ಅಜ್ಜಿ. ಹತ್ತಕ್ಕೆ ಹತ್ತು" ಎಂದೆ. ಅಜ್ಜಿಯೂ ನಕ್ಕರು. ನಕ್ಕಾಗ ಸುಕ್ಕಿನ ಸುತ್ತುಗಳೆಲ್ಲ ಸೇರಿ ಮುಖ ಇನ್ನಷ್ಟು ಚಂದ್ರಂಕಿಯಾಯಿತು.

ರೂಪಕದ ಪಾಠಕ್ಕೆ ಅಜ್ಜಿ ಯಾರೂ ಕರೆಯದೆಯೇ ಬಂದರು. ಎಲೆಅಡಿಕೆ ಚೀಲ ಬಿಚ್ಚಿಕೊಂಡು ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತರು. ನಾನು 'ಹಾಗೆ', 'ಅಂತೆ' ಎಲ್ಲವನ್ನೂ ಕಿತ್ತುಹಾಕಿ ಇದೇ ಅದು ಎಂದುಬಿಡುವುದು ರೂಪಕ ಎಂದು ವಿವರಿಸುತ್ತಿದ್ದೆ. ಊಟದ ನಂತರದ ಪೀರಿಯಡ್ಡು. ಬಾಗಿಲಿನ ನೇರಕ್ಕೆ ಅಂಗಳದಾಚೆ ಹೆಡ್ ಮೇಷ್ಟ್ರ ಕೋಣೆ. ಅವರು ಎಂದಿನಂತೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ತಲೆ ಮೇಲಕ್ಕೆತ್ತಿ, ಕಣ್ಣು ಮುಚ್ಚಿ, ಎರಡೂ ಕೈ ಮೇಜಿನ ಮೇಲಿಟ್ಟು ನಿದ್ದೆ ಮಾಡುತ್ತಿದ್ದರು.

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಗದ್ದದಿಂದಲೇ ಆ ಕಡೆ ತೋರಿಸಿದರು. "ಅಗಾ, ಜ್ವರಕ್ಕೆ ಕುಂತಿರೋ ಹುಳ."

ಪೇಟೆಯವಳಾದ ನನಗೆ ಮಕ್ಕಳು ಅರ್ಥ ಬಿಡಿಸಿ ಹೇಳಬೇಕಾಯಿತು. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಅದಕ್ಕೆ ಮೊದಲು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಕದಲದೆ ಇದ್ದುಬಿಡುತ್ತದೆ. ಅದಕ್ಕೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ನಾನು ಅಂಗಳದಾಚೆ ಇನ್ನೊಮ್ಮೆ ನೋಡಿದೆ. ಅಷ್ಟು ಸರಿಯಾದ ರೂಪಕವನ್ನು ನನ್ನ ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಒಂದೇ ವಾರದಲ್ಲಿ ಅದು ಇಡೀ ಶಾಲೆಯ ಮಾತಾಯಿತು. "ಸಾರ್ ಜ್ವರಕ್ಕೆ ಕುಂತವ್ರೆ" ಅಂದರೆ ಗೋಲಿ ಆಡಬಹುದು, ನೇರಳೆ ಹಣ್ಣಿಗೆ ಓಡಬಹುದು. "ಎದ್ರು" ಅಂದರೆ ಎಲ್ಲರ ಮುಂದೆಯೂ ಪುಸ್ತಕ. ಮಕ್ಕಳನ್ನು ತಿದ್ದಬೇಕಾದವಳು ನಾನು. ಆದರೆ ಒಂದು ಮಧ್ಯಾಹ್ನ ವಾರಪತ್ರಿಕೆ ಓದುವ ಆಸೆಯಾಗಿ ಬಾಗಿಲಲ್ಲಿದ್ದ ಹುಡುಗನನ್ನು ನಾನೇ ಮೆಲ್ಲಗೆ ಕೇಳಿದೆ: "ಕುಂತವ್ರೇನೋ?"

ಸಿಕ್ಕಿಬಿದ್ದದ್ದು ಒಂದನೇ ಕ್ಲಾಸಿನ ಪುಟ್ಟ ಹುಡುಗಿಯಿಂದ. ಅವಳಿಗೆ ಮಾತು ಗೊತ್ತಿತ್ತು, ಗುಟ್ಟು ಗೊತ್ತಿರಲಿಲ್ಲ. ಸ್ಲೇಟು ಹಿಡಿದುಕೊಂಡು ಅವರ ಮೇಜಿನ ಮುಂದೆಯೇ ನಿಂತು ಹೊರಗಿನವರಿಗೆ ಕೇಳುವಂತೆ ಕೂಗಿದಳು: "ಸಾರ್ ಜ್ವರಕ್ಕೆ ಕುಂತವ್ರೆ!"

ಹೆಡ್ ಮೇಷ್ಟ್ರು ಕಣ್ಣು ಬಿಟ್ಟರು. "ಎಷ್ಟನೇ ಜ್ವರ?"

ಅವಳು ಸ್ಲೇಟು ಅಲ್ಲೇ ಬಿಟ್ಟು ಓಡಿದಳು. ನನಗೆ ಕರೆ ಬಂತು.

"ಏನ್ ಮೇಡಂ, ನಂಗೆ ಜ್ವರ ಅಂತೆ?"

"ಅದು... ರೂಪಕ ಸಾರ್."

"ನಂದು ದೊಡ್ಡಆಲಹಳ್ಳಿ ಕಣ್ರಿ. ನಮ್ಮನೇಲೂ ಹುಳ ಮೇಯಿಸ್ತೀವಿ. ಜ್ವರ ಎದ್ದ ಹುಳ ಏನ್ ಮಾಡ್ತದೆ ಗೊತ್ತಾ?"

"ತಿನ್ನುತ್ತದೆ ಸಾರ್."

"ಹ್ಞಾಂ. ನಾಳೆ ಏಳನೇ ಕ್ಲಾಸಿಗೆ ಬತ್ತೀನಿ."

ನನಗೆ ಮೆಮೊ ಖಂಡಿತ ಎಂದುಕೊಂಡೆ. ಮಾರನೆಯ ದಿನ ಅವರು ಕೋಲು ಹಿಡಿದು ಬಂದರು. ಬೋರ್ಡಿನ ಮೇಲೆ 'ಮುಖ್ಯೋಪಾಧ್ಯಾಯರು' ಎಂದು ಒಂದೇ ಮಾತು ಬರೆದರು. "ಒಂದು ಉಪಮೆ, ಒಂದು ರೂಪಕ. ಚೀಟೀಲಿ ಬರೀರಿ. ಹೆಸರು ಹಾಕ್ಬೇಡಿ. ಮೇಡಂ, ನೀವು ಚೀಟಿ ಎತ್ಕೊಡಿ."

ಮಕ್ಕಳು ಮೊದಲು ಹೆದರಿದರು, ಆಮೇಲೆ ಬಗ್ಗಿ ಬರೆಯತೊಡಗಿದರು. ಎಲ್ಲರೂ ಬರೆಯುತ್ತಿರುವಾಗ ನನ್ನ ಕೈ ಸುಮ್ಮನಿರಲಿಲ್ಲ. ನಾನೂ ಒಂದು ಚೀಟಿ ಬರೆದು ಮಡಿಸಿ ಉಳಿದವುಗಳ ಮಧ್ಯೆ ಸೇರಿಸಿಬಿಟ್ಟೆ.

ಅವರು ಒಂದೊಂದನ್ನೇ ಬಿಡಿಸಿ ಗಟ್ಟಿಯಾಗಿ ಓದಿದರು. "ಸಾರ್ ಹೊಟ್ಟೆ ರಾಗಿ ತುಂಬಿದ ವಾಡೆ ಹಾಗೆ. ಹ್ಞೂಂ. ವಾಡೆಗೆ ದೀರ್ಘ ಕೊಟ್ಟಿಲ್ಲ, ಅರ್ಧ ಮಾರ್ಕು ಹೋಯ್ತು." "ಸಾರ್ ಸೈಕಲ್ಲು ಮುದುಕಿ, ಕೆಮ್ಮದೆ ದಿಬ್ಬ ಹತ್ತಲ್ಲ. ರೂಪಕ ಸರಿ. ಆದ್ರೆ ನಾನು ಕೇಳಿದ್ದು ಸೈಕಲ್ ಬಗ್ಗೆ ಅಲ್ಲ." ಹನ್ನೊಂದು ಚೀಟಿಗಳಲ್ಲಿ ಜ್ವರಕ್ಕೆ ಕೂತ ಹುಳವೇ ಇತ್ತು. "ಕಾಪಿ ಹೊಡ್ದಿದೀರ!" ಎಂದು ಬೈದು ಆ ಹನ್ನೊಂದಕ್ಕೂ ಸೊನ್ನೆ ಕೊಟ್ಟರು.

ಆಮೇಲೆ ನನ್ನದು ಬಿಚ್ಚಿದರು. "ಹೆಡ್ ಮೇಷ್ಟ್ರ ಕೋಲು ಮದುವೆ ಗಂಡಿನ ಕೈಯ ಬಾಕು ಇದ್ದ ಹಾಗೆ. ಹಿಡಿದುಕೊಳ್ಳುವುದಕ್ಕೆ ಮಾತ್ರ. ತುದಿಗೆ ನಿಂಬೆಹಣ್ಣು ಒಂದು ಕಡಿಮೆ."

ಕ್ಲಾಸು ನಗಲು ಬಾಯಿ ತೆರೆದು ಹಾಗೇ ನಿಂತಿತು. ಅವರು ಚೀಟಿಯನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಈ ಅಕ್ಷರ ಏಳನೇ ಕ್ಲಾಸಿಂದಲ್ಲ."

ನಾನು ಡಸ್ಟರು ಎತ್ತಿಕೊಂಡು ಬೋರ್ಡು ಒರೆಸಲು ತಿರುಗಿದೆ.

"ನಿಂಬೆಹಣ್ಣು ನೀವೇ ತಂದ್ಕೊಡಿ ಮೇಡಂ" ಎಂದು ಕೋಲನ್ನು ಮೇಜಿನ ಮೇಲಿಟ್ಟು, ಮಕ್ಕಳ ಕಡೆ ತಿರುಗಿದರು. "ಈಗ ಮೇಡಂ ಸರದಿ. ಹೇಳಿ, ಒಬ್ಬೊಬ್ರಾಗಿ. ಹೆದರ್ಕೋಬೇಡಿ, ನಾನಿದೀನಿ."

ಬೋರ್ಡಿನ ಮುಂದೆ ನನ್ನನ್ನು ನಿಲ್ಲಿಸಿ ಅವರು ನನ್ನ ಕುರ್ಚಿಯಲ್ಲಿ ಕೂತರು. ಮಿಸ್ ಬಣ್ಣದ ಚಾಕ್‌ಪೀಸು, ನೋಡಕ್ಕೆ ಚೆಂದ, ಒತ್ತಿದ್ರೆ ಮುರೀತದೆ. ಮಿಸ್ ಸೋಮವಾರದ ಮೊದಲ್ನೇ ಬಸ್ಸು, ಬತ್ತದೋ ಇಲ್ವೋ ಗೊತ್ತಾಗಲ್ಲ. ಒಂದಾದ ಮೇಲೆ ಒಂದು ಬರುತ್ತಲೇ ಇದ್ದವು. ಹೆಡ್ ಮೇಷ್ಟ್ರು ಕಣ್ಣೀರು ಒರೆಸಿಕೊಳ್ಳುವಷ್ಟು ನಕ್ಕರು. ನನಗೆ ನಾಚಿಕೆಯೂ ಆಯಿತು, ಪಾಠ ಇಷ್ಟು ಚೆನ್ನಾಗಿ ತಲೆಗೆ ಹತ್ತಿದೆಯಲ್ಲ ಎಂದು ಸಂತೋಷವೂ ಆಯಿತು. ಕುರಿಮನೆಯ ಹುಡುಗಿ ಮಾತ್ರ ತನ್ನ ಸರದಿ ಬಂದಾಗ ತಲೆ ಆಡಿಸಿದಳು.

"ನಂಗೆ ಒಸಿ ಟೈಮ್ ಬೇಕು ಮಿಸ್."

ಎರಡು ದಿನ ತೆಗೆದುಕೊಂಡಳು. ಶನಿವಾರ ಬೆಳಗಿನ ಶಾಲೆ ಮುಗಿದು ನಾನು ಬಸ್ಸಿಗೆ ಹೊರಟಾಗ ಹಿಂದಿನಿಂದ ಓಡಿ ಬಂದು ಪುಸ್ತಕ ಕೊಟ್ಟಳು. ದಾರಿಯಲ್ಲೇ ನಿಂತು ಓದಿದೆ.

"ನಮ್ಮ ಮಿಸ್ ಮಂದೆಗೆ ಹೊಸದಾಗಿ ತಂದ ಕುರಿ. ಮೊದಲನೇ ವಾರ ಮೇಯುವುದಿಲ್ಲ, ಬಂದ ದಿಕ್ಕಿಗೆ ತಿರುಗಿಕೊಂಡು ಅರಚುತ್ತದೆ. ಆಮೇಲೆ ಎಲ್ಲಾ ಕುರಿಗಿಂತ ಮುಂದೆ ಹೋಗಿ ಪಕ್ಕದವರ ಹೊಲಕ್ಕೆ ನುಗ್ಗುತ್ತದೆ. ಮಿಕ್ಕ ಕುರಿ ಅದರ ಹಿಂದೇನೇ ಹೋಗುತ್ತವೆ."

ಎಲ್ಲೂ 'ಹಾಗೆ' ಇರಲಿಲ್ಲ. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ.

"ಇದನ್ನ ನೀನೇ ಮಾಡಿದ್ದಾ, ಅಜ್ಜಿ ಹೇಳಿಕೊಟ್ಟಿದ್ದಾ?" ಎಂದೆ.

ಅವಳು ಸ್ವಲ್ಪ ಯೋಚಿಸಿ ಪ್ರಾಮಾಣಿಕವಾಗಿ ಹೇಳಿದಳು: "ಕುರಿ ನಂದು ಮಿಸ್. ಹೊಲಕ್ಕೆ ನುಗ್ಸಿದ್ದು ಅಜ್ಜಿ."

ಬಸ್ಸು ಹಾರ್ನ್ ಹಾಕುತ್ತಿತ್ತು. ಚೀಲದಿಂದ ಕೆಂಪು ಪೆನ್ನು ತೆಗೆದು, ಕೊಡೆಯನ್ನು ಅವಳ ಕೈಗೆ ಕೊಟ್ಟು, ಪುಸ್ತಕವನ್ನು ನನ್ನ ಮೊಣಕಾಲಿನ ಮೇಲಿಟ್ಟುಕೊಂಡು ಹತ್ತಕ್ಕೆ ಹತ್ತು ಹಾಕಿ, ಇಬ್ಬರಿಗೂ ಐದೈದು ಎಂದು ಬರೆದೆ. ಆಮೇಲೆ ಪುಸ್ತಕ ಕೊಟ್ಟು, ಕೊಡೆ ಇಸಿದುಕೊಂಡು ಬಸ್ಸು ಹಿಡಿಯಲು ಓಡಿದೆ.