ಕಪ್ಪು ಬಿಳುಪಿನಲ್ಲಿ ಒಂದು ಕೆಂಪು ರುಮಾಲು

ಕಳೆದ ತಿಂಗಳು ಚಳ್ಳಕೆರೆಯ ಆಸ್ಪತ್ರೆಯೊಂದರಲ್ಲಿ ಸೂಜಿ ಚುಚ್ಚುವ ಮುನ್ನ ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ತಣ್ಣನೆಯ ವಾಸನೆಗೆ ನೆನಪಾದದ್ದು ಕಾಯಿಲೆಯಲ್ಲ, ವಿಡಿಯೋ ಡೆಕ್ಕು. ಅದರ ಬೆನ್ನಿಗೇ ಮೊಳಕಾಲ್ಮೂರಿನ ನಮ್ಮ ಪಕ್ಕದ ಮನೆಯ ನೇಕಾರ ಮಾವ. ಹೀಗೆ ಸಾಲು ಹಿಡಿದು ಬರುವ ನೆನಪುಗಳನ್ನು ನಾನು ನಂಬುವುದಿಲ್ಲ. ಆದರೂ ಬಂದವು...

ತೊಂಬತ್ತರ ದಶಕದ ಕೊನೆ ಇರಬೇಕು. ನಾನು ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದೆ. ಮಾವನ ಮನೆಗೂ ನಮ್ಮದಕ್ಕೂ ಒಂದೇ ಗೋಡೆ. ಆಚೆಯಿಂದ ಮಗ್ಗದ ಸದ್ದು ಕೇಳುತ್ತಿತ್ತು. ಆ ವರ್ಷ ಅದರ ನಡುವೆ ಮಾವನ ಹೆಂಡತಿ, ಅತ್ತೆಯ ದನಿಯೂ ಕೇಳತೊಡಗಿತು: "ಎಡದ್ದು... ಎಡದ್ದು... ಈಗ ಬಲದ್ದು."

ಮಾವ ಕ್ಷಯಕ್ಕೆ ಮಾತ್ರೆ ನುಂಗುತ್ತಿದ್ದರು. ಕೆಮ್ಮು ನಿಂತಿತು, ಜೊತೆಗೇ ಕಣ್ಣಿನಿಂದ ಬಣ್ಣಗಳು ಹೋದವು. ಮಾತ್ರೆಯಿಂದಲೇ ಹಾಗಾಯಿತೆಂದು ಅತ್ತೆ ಹೇಳುತ್ತಿದ್ದರು, ನನಗೆ ಗೊತ್ತಿಲ್ಲ. ಎಲ್ಲವೂ ಬೂದಿ ಎರಚಿದಂತೆ ಕಾಣುತ್ತಿತ್ತಂತೆ. ರೇಷ್ಮೆ ಸೀರೆಯ ಅಂಚು ನೇಯುವವನಿಗೆ ಕೆಂಪು ಯಾವುದು, ಹಸಿರು ಯಾವುದು ತಿಳಿಯದಿದ್ದರೆ ನೂಲು ಕೊಡುವ ಸಾವುಕಾರರು ಎಷ್ಟು ದಿನ ಕೆಲಸ ಕೊಟ್ಟಾರು? ಅದಕ್ಕೇ ಅತ್ತೆ ಮಗ್ಗದ ಪಕ್ಕ ಕೂತು, ಕೆಂಪು ನೂಲಿನ ಲಾಳಿಯನ್ನು ಎಡಕ್ಕೂ ಹಸಿರಿನದನ್ನು ಬಲಕ್ಕೂ ಇಟ್ಟು ಹೇಳಿಕೊಡುತ್ತಿದ್ದರು. ನಮ್ಮ ಮನೆಯವರನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ. ಹೊರಗೆ ಮಾವ ಬಣ್ಣದ ಮಾತನ್ನು ಮೊದಲಿಗಿಂತ ಹೆಚ್ಚಾಗಿ ಆಡುತ್ತಿದ್ದರು. ಟೊಮೆಟೊ ನೋಡಿ, ಬಸ್ಸು ನೋಡಿ, ಎದುರಿಗೆ ಬಂದವರ ಅಂಗಿ ನೋಡಿ. ಊಹೆ ಬಹಳ ಸಲ ಸರಿಯಾಗುತ್ತಿತ್ತು.

ಸಾವುಕಾರರ ಮೊಮ್ಮಗಳ ನಾಮಕರಣದ ಸಂಜೆ ಅವರ ಪಡಸಾಲೆಯಲ್ಲಿ ವಿಡಿಯೋ ಇಟ್ಟಿದ್ದರು. ಚಳ್ಳಕೆರೆಯ ಕ್ಯಾಸೆಟ್ ಅಂಗಡಿಯವನು, ಆಗಷ್ಟೇ ಕ್ಯಾಸೆಟ್ಟಿನಲ್ಲಿ ಬಿಡುಗಡೆಯಾಗಿದ್ದ ಇಂಗ್ಲಿಷ್ ಕುದುರೆ ಪಿಚ್ಚರ್ ತಂದಿದ್ದ. ಕುದುರೆ, ಟೋಪಿ, ಪಿಸ್ತೂಲು ಇರುವುದನ್ನೆಲ್ಲ ನಮ್ಮಲ್ಲಿ ಹಾಗೇ ಕರೆಯುತ್ತಿದ್ದರು. ಹಾಕಿದರೆ ಬಣ್ಣವೇ ಇಲ್ಲ. ಅವನು ಡೆಕ್ಕು ಬಿಚ್ಚಿ, ಹತ್ತಿಗೆ ಸ್ಪಿರಿಟ್ ಹಾಕಿ ಟೇಪು ಓದುವ ಹೆಡ್ ಒರೆಸಿದ. ಮತ್ತೆ ಒರೆಸಿದ. ಕೊನೆಗೆ ಕ್ಯಾಸೆಟ್ಟಿನ ಡಬ್ಬಿ ತಿರುಗಿಸಿ ನೋಡಿ ಪೆಚ್ಚಾದ.

"ಹೆಡ್ ಸರಿ ಐತ್ರಿ. ಹೊಸಾ ಪಿಚ್ಚರೇ. ಬೇಕಂತ್ಲೇ ಕರಿ-ಬಿಳಿ ತೆಗ್ದಾರೆ."

"ಬಣ್ಣ ಹಾಕಾಕೆ ಅವ್ರಿಗೇನು ಬಡ್ತನ ಬಂದಿತ್ತೇನ್ಲೇ?" ಎಂದು ಯಾರೋ ಅಂದರು. ಜನ ನಕ್ಕು, ಇದ್ದದ್ದನ್ನೇ ನೋಡುತ್ತ ಕೂತರು. ವಿಚಿತ್ರ ಚಿತ್ರ ಅದು. ಹೊಡೆದಾಟವಿಲ್ಲ. ಒಬ್ಬ ತನ್ನ ಕುಂಟು ಕುದುರೆಯನ್ನು ಹಗ್ಗ ಹಿಡಿದು ನಡೆಸಿಕೊಂಡು ಹೋಗುತ್ತಲೇ ಇದ್ದ. ಸುತ್ತಲೂ ನಮ್ಮ ಕಡೆಯ ವರವು ಕಾವಲಿನಂಥ ಬಯಲು, ಹುಲ್ಲು, ಆಕಾಶ, ಮತ್ತೇನಿಲ್ಲ...

ಇಷ್ಟೆಲ್ಲ ಆದ ಮೇಲೆ ಮಾವ ಬಂದರು. ಸಾವುಕಾರರ ಪಕ್ಕದಲ್ಲೇ ಅವರಿಗೆ ಜಾಗ ಸಿಕ್ಕಿತು. ಸ್ವಲ್ಪ ಹೊತ್ತು ನೋಡಿ, ಎಲ್ಲರಿಗೂ ಕೇಳುವಂತೆ ಅಂದರು: "ಸಾವ್ಕಾರ್ರೆ, ಅವನ ಕೊಳ್ಳಾಗಿನ ರುಮಾಲು ನೋಡ್ರಿ. ಎಂಥಾ ಕೆಂಪು. ನಮ್ಮ ಸೆರಗಿಗೆ ಈ ಕೆಂಪೇ ಬೇಕ್ರಿ."

ಪಡಸಾಲೆ ತುಂಬ ನಗು. ಎಲ್ಲರೂ ತಮಾಷೆ ಎಂದುಕೊಂಡರು. ಯಾಕೆಂದು ತಿಳಿಯದೆ ಮಾವನೂ ನಕ್ಕರು. ಸಾವುಕಾರರು ನಗಲಿಲ್ಲ.

"ಕುದ್ರೆ ಬೆನ್ನ ಮ್ಯಾಲಿನ ಕಂಬ್ಳಿ? ಅದ್ಯಾವ ಬಣ್ಣ?"

ಮಾವ ಕತ್ತು ಮುಂದೆ ಚಾಚಿದರು. "ಹಸ್ರು. ಗಿಣಿ ಹಸ್ರು."

ಹೆಂಗಸರ ನಡುವಿನಿಂದ ಅತ್ತೆ ದಡಕ್ಕನೆ ಎದ್ದರು. "ಬಣ್ಣ ಇಲ್ರೀ ಅದ್ರಾಗೆ... ಚೇಷ್ಟೆ ಮಾಡ್ತಾರ್ರೀ ಇವ್ರು, ಯಾವಾಗ್ಲೂ ಹಿಂಗೇ..." ಆಗ ಯಾರೂ ನಗಲಿಲ್ಲ.

ಆ ಹೊತ್ತಿನ ಮಾವನ ಮುಖವನ್ನು ಇಲ್ಲಿ ಬಣ್ಣಿಸಿದ್ದೆ, ಹೊಡೆದು ಹಾಕಿದೆ. ನಾನು ಅವರ ಹಿಂದೆ ಕೂತಿದ್ದೆ. ಕಂಡದ್ದು ಬೆನ್ನು, ಅಷ್ಟೇ. ಮುಖ ನಾನು ಆಮೇಲೆ ಸೇರಿಸಿಕೊಂಡದ್ದು.

ಮರುದಿನ ಬೆಳಿಗ್ಗೆ ಸಾವುಕಾರರು ಕೊಟ್ಟ ನೂಲು ಹಿಂದಕ್ಕೆ ಒಯ್ಯಲು ಆಳಿನೊಂದಿಗೆ ಬಂದರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಕಣ್ಣು ನಂದೇ ಇರ್ಲಿ, ಕೈ ಅವ್ರದು ತಾನೇ? ಒಂದು ಸೀರೆಯಾಗಾದ್ರೂ ತಪ್ಪು ಬಂದೈತೇನ್ರಿ?"

"ಬಂದ ಮ್ಯಾಲೆ ನೋಡಿ ಏನ್ ಮಾಡ್ಲವ್ವಾ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಇಳಿಯುವವರೆಗೆ ಕಾಯಬಹುದಿತ್ತು. ಅತ್ತೆ ಅವರ ಕಾಲು ಹಿಡಿದರು. ಮಾವ ಮಾತ್ರ, ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಿಂದ ಮೇಲೇಳಲಿಲ್ಲ. ಹೇಳಿಕೊಡುವವರಿಲ್ಲದೆ, ಕೈಗೆ ಸಿಕ್ಕ ಲಾಳಿಯನ್ನೇ ಹಾಕುತ್ತ ನೇಯುತ್ತಲೇ ಇದ್ದರು. ಅವತ್ತು ತಪ್ಪು ಬಂತು. ಹಸಿರು ಬರಬೇಕಾದಲ್ಲಿ ಕೆಂಪು, ಮತ್ತೆ ಕೆಂಪು... ಆಳು ಮಗ್ಗಕ್ಕೆ ಕಟ್ಟಿದ್ದ ಉದ್ದ ನೂಲಿನ ಹಾಸನ್ನು ಕತ್ತರಿಸುವವರೆಗೂ ಅವರು ಕೈ ನಿಲ್ಲಿಸಲಿಲ್ಲ.

ಆಮೇಲೆ ಅವರು ಚಳ್ಳಕೆರೆಗೆ ಹೋಗಿ ಎಣ್ಣೆ ಗಿರಣಿಯಲ್ಲಿ ಶೇಂಗಾ ಚೀಲ ಹೊತ್ತರು. ಕೆಮ್ಮು ಮರಳಿತು. ಹೆಚ್ಚು ವರ್ಷ ಬದುಕಲಿಲ್ಲ.

ಅತ್ತೆ ಈಗಲೂ ಚಳ್ಳಕೆರೆಯಲ್ಲೇ ಇದ್ದಾರೆ. ಕಳೆದ ತಿಂಗಳು ಆಸ್ಪತ್ರೆಯಿಂದ ನೇರ ಅವರ ಮನೆಗೆ ಹೋದೆ. ಮಾವನ ಬಗ್ಗೆ ಬರೆಯಬೇಕೆಂದಿದ್ದೇನೆ, ಕತ್ತರಿಸಿದ ಆ ಸೀರೆಯ ಒಡಲು ಯಾವ ಬಣ್ಣದ್ದಾಗಿತ್ತು ಎಂದು ಕೇಳಿದೆ. ದಿನವೂ ಆ ಮಗ್ಗದ ಮುಂದೆ ಹೋಗಿ ಕೂರುತ್ತಿದ್ದವನು ನಾನು. ಎಷ್ಟು ತಡಕಿದರೂ ಸಿಗುತ್ತಿಲ್ಲ.

ಅತ್ತೆ ತಮ್ಮ ಸೆರಗನ್ನೇ ಹಿಡಿದು ನೋಡಿಕೊಂಡರು.

"ನಂಗೂ ಮರ್ತೈತಪ್ಪಾ. ಅವ್ರಿದ್ದಿದ್ರೆ ಹೇಳ್ತಿದ್ರು."