ಮಡಚಿದವನೇ ಮೊದಲು ಹಾರಬೇಕು

ನಾನು ಶಾಲೆ ಬಿಟ್ಟದ್ದು ಎಂಬತ್ತೆರಡನೆಯ ಇಸವಿಯಲ್ಲಿ, ಏಳನೆಯ ಇಯತ್ತೆ ಮುಗಿಯುವ ಮೊದಲೇ. ಅದಕ್ಕೆ ಇವತ್ತಿಗೂ ನಾಚಿಕೆಪಟ್ಟವನಲ್ಲ. ಕೊಪ್ಪಳದಲ್ಲಿ ಲಾರಿಗಳಿಗೆ ಹೊದಿಸುವ ತಾಡಪತ್ರಿ ಹೊಲಿಯುವ ಈ ಅಂಗಡಿಯನ್ನು ಇದೇ ಎರಡು ಕೈಯಿಂದ ಕಟ್ಟಿದ್ದೇನೆ. ಆದರೆ ಹೋದ ವಾರ ನೈಲಾನ್ ದಾರದ ತುದಿಯನ್ನು ಕಡ್ಡಿ ಗೀರಿ ಸುಡುವಾಗ ಆ ಕಮಟು ವಾಸನೆ ಮೂಗಿಗೆ ಹೊಡೆಯಿತು. ಕೈ ಅಲ್ಲಿಯೇ ನಿಂತಿತು. ದಾರ ಬಿಚ್ಚಿಕೊಳ್ಳದಂತೆ ಹಾಗೆ ಸುಡುವುದನ್ನು ಕಲಿಸಿದವರು ಪಕ್ಕದ ಮನೆಯ ಸುಬೇದಾರ್ ಚಾಚಾ. ಅವರು ಹೋಗಿ ಎಷ್ಟೋ ವರ್ಷವಾಯಿತು... ಆ ವಾಸನೆ ಬಂದರೆ ಮಾತ್ರ ನನಗೆ ಇನ್ನೂ ಒಂದು ಕಡೆ ಕೂಡಲಾಗುವುದಿಲ್ಲ.

ಚಾಚಾ ಪ್ಯಾರಾಚೂಟ್ ಪಡೆಯಲ್ಲಿದ್ದವರು. ಬಾಂಗ್ಲಾ ಯುದ್ಧದಲ್ಲಿ ವಿಮಾನದಿಂದ ಹಾರಿ, ಕುತ್ತಿಗೆಮಟ ನೀರಿದ್ದ ಕೆರೆಯಲ್ಲಿ ಬಿದ್ದು, ಉಳುಕಿದ ಕಾಲಿನಲ್ಲಿಯೇ ತೆವಳಿ ಹೋಗಿ ಸೇತುವೆಯ ಮೇಲಿನ ಮಷಿನ್‌ಗನ್ನಿನ ಬಾಯಿ ಮುಚ್ಚಿಸಿದ್ದರು. ಅದಕ್ಕೆ ಪದಕ ಬಂದಿತ್ತು. ಇಷ್ಟು ಓಣಿಗೆಲ್ಲ ಗೊತ್ತಿತ್ತು. ಅಂಥ ಮನುಷ್ಯ ಆಮೇಲಿನ ನೌಕರಿಯನ್ನೆಲ್ಲ ಆಗ್ರಾದಲ್ಲಿ ಪ್ಯಾರಾಚೂಟ್ ಮಡಚುತ್ತ ಯಾಕೆ ಕಳೆದರು ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಪ್ಯಾರಾಚೂಟಿಗೆ ಅವರು ಛತ್ರಿ ಎನ್ನುತ್ತಿದ್ದರು. ಪಿಂಚಣಿಯಾಗಿ ಊರಿಗೆ ಬಂದ ಮೇಲೆ ದಿನಾ ನನ್ನ ಅಂಗಡಿಗೆ ಬರುವರು. ಸ್ಟೂಲ್ ಹಾಕಿದರೆ ಕೂಡುತ್ತಿರಲಿಲ್ಲ. ಅತ್ತಿಂದಿತ್ತ ಅಡ್ಡಾಡುತ್ತ, ಹೊಲಿದಿಟ್ಟ ಅಂಚುಗಳನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡುವರು.

ಆಗ ನನಗೆ ಇಪ್ಪತ್ತಾರು. ಗಂಗಾವತಿಯ ಒಂದು ಅಕ್ಕಿ ಗಿರಣಿಯ ಚಿಮಣಿಗೆ ಬಣ್ಣ ಹೊಡೆಯುವ ಗುತ್ತಿಗೆದಾರ ಆರು ಬೆಲ್ಟು ಹೇಳಿದ್ದ. ಎತ್ತರದಲ್ಲಿ ಕೆಲಸ ಮಾಡುವವರು ಸೊಂಟಕ್ಕೆ ಕಟ್ಟಿಕೊಳ್ಳುವಂಥವು. ದಪ್ಪ ಪಟ್ಟಿಯ ಮೇಲೆ ಒತ್ತೊತ್ತಾಗಿ ಹೊಲಿಗೆ ಹಾಕಿದ್ದೆ. ಬಟ್ಟೆ ಕಾಣಬಾರದು, ದಾರವೇ ಕಾಣಬೇಕು. ಅಷ್ಟು ಗಟ್ಟಿ ಎಂದು ನನ್ನ ತಿಳಿವಳಿಕೆ. ನಾಲ್ಕು ಬೆಲ್ಟು ಹಿಂದಿನ ದಿನವೇ ಹೋಗಿದ್ದವು. ಉಳಿದೆರಡನ್ನು ಚಾಚಾ ಎತ್ತಿ ನೋಡಿದರು.

“ಏನೋ ಟೇಲರ್ ಸಾಹೇಬ, ಮದಲಗಿತ್ತಿ ಕುಬಸ ಹೊಲದಂಗ ಹೊಲದೀಯಲ್ಲೋ. ಛಂದ ಐತಿ. ನೀ ಜೋತಾಡಿ ನೋಡೀಯೇನು?”

“ನನ್ನ ಹೊಲಿಗಿಗೆ ಇಲ್ಲೀತನಕ ಯಾರೂ ತಪ್ಪೈತಿ ಅಂತ ಹೆಸರಿಟ್ಟಿಲ್ಲ, ಚಾಚಾ.”

“ನಾನೂ ಹೆಸರಿಡೂದಿಲ್ಲ. ಮಡಚಿದಾಂವನ ಮೊದಲ ಹಾರಬೇಕು. ನಮ್ಮಲ್ಲಿ ಅದ ಕಾಯ್ದೆ. ಬಾ ಹೊರಗ.”

ಅವರ ಪಡೆಯಲ್ಲಿ ಸಾಹೇಬರು ಯಾವತ್ತು ಬೇಕಾದರೂ ಬಂದು, ಮಡಚಿದವನ ಬೆನ್ನಿಗೆ ಅವನೇ ಮಡಚಿದ ಛತ್ರಿ ಕಟ್ಟಿಸಿ, ಹಾರು ಎನ್ನುತ್ತಿದ್ದರಂತೆ. ಸಿಟ್ಟಿನಲ್ಲಿಯೇ ಎದ್ದೆ. ಅಂಗಡಿ ಮುಂದಿನ ಬೇವಿನ ಕೊಂಬೆಗೆ ಹಗ್ಗ ಹಾಕಿ ಜೋತಾಡಿದೆ. ಎದುರಿನ ಚಹಾದಂಗಡಿಯವನು, “ಏ, ತಾಡಪತ್ರಿ ಒಣಗಾಕ ಹಾಕ್ಯಾರ ನೋಡ್ರೋ!” ಎಂದು ಕೂಗಿದ. ಮೊದಲನೆಯ ಬೆಲ್ಟು ತಡೆಯಿತು. ಎರಡನೆಯದಕ್ಕೆ ಸೊಕ್ಕಿನಿಂದ ಜಗ್ಗಿ ಜಿಗಿದೆ. ಚರ್ ಎಂದು ಸದ್ದಾಯಿತು. ಮೊಣಕಾಲ ಮೇಲೆ ಬಿದ್ದೆ.

ಪಟ್ಟಿ ಸೂಜಿಯ ಸಾಲಿನುದ್ದಕ್ಕೂ ಹರಿದಿತ್ತು, ಅಂಚೆ ಚೀಟಿ ಹರಿದಂತೆ ನೀಟಾಗಿ. ಚಾಚಾ ನಗಲಿಲ್ಲ.

“ದಾರ ಹರದಿಲ್ಲ. ನೀ ಹೊಡದ ತೂತ ಹರದಾವು. ಉಳದ ನಾಲ್ಕು ಎಲ್ಲಿ ಅದಾವು?”

“ಗಂಗಾವತ್ಯಾಗ... ಚಿಮಣಿ ಮ್ಯಾಲೆ.”

ಗಿರಣಿಗೆ ಫೋನ್ ಹಚ್ಚಿದೆವು, ಯಾರೂ ಎತ್ತಲಿಲ್ಲ. ಸಿಕ್ಕ ಬಸ್ಸು ಹತ್ತಿದೆವು. ಸೀಟು ಖಾಲಿಯಿದ್ದರೂ ಇಬ್ಬರೂ ಕೂಡಲಿಲ್ಲ. ಪ್ರತಿ ಸ್ಟಾಪಿನಲ್ಲಿಯೂ ನಾನು ಡ್ರೈವರನ ಬೆನ್ನು ನೋಡುತ್ತಿದ್ದೆ. ಗಿಣಗೇರಾ ದಾಟಿದ ಮೇಲೆ ಚಾಚಾ, ಕಿಟಕಿಯಾಚೆ ನೋಡುತ್ತಲೇ, ಯಾರಿಗೂ ಹೇಳದ್ದನ್ನು ಹೇಳಿದರು. ಆ ಯುದ್ಧದಲ್ಲಿ ಅವರ ಹಿಂದೆಯೇ ಹಾರಿದ ಗೆಳೆಯನ ಛತ್ರಿ ಬಿಚ್ಚಲಿಲ್ಲ.

“ಒಂದ ತಾಟಿನ್ಯಾಗ ಉಣ್ಣತಿದ್ವಿ. ಅವನ ಛತ್ರಿ ಮಡಚಿದಾಂವಗೂ ನಿನ್ನಂಗ ಕೈ ಛಲೋ ಇತ್ತಂತ... ಪದಕ ನನಗ ಕೊಟ್ರು. ಬ್ಯಾರೆ ಏನೂ ಬ್ಯಾಡ್ರಿ, ಮಡಚೂ ಕೆಲಸ ಕೊಡ್ರಿ ಅಂದೆ.”

ಗಿರಣಿ ಮುಟ್ಟಿದಾಗ ಚಿಮಣಿಯ ಅರ್ಧಕ್ಕೆ ಇಬ್ಬರು ಜೋತಾಡುತ್ತ ಬಣ್ಣ ಹೊಡೆಯುತ್ತಿದ್ದರು. ಕೆಳಗೆ ಗುತ್ತಿಗೆದಾರ ನನ್ನನ್ನು ಕಂಡು ನಕ್ಕ. “ಯಾಕ್ರಿ, ನಿಮ್ಮ ಹೊಲಿಗಿ ಕೆಳಗಿಂದ ಎಷ್ಟ ಛಂದ ಕಾಣ್ತೈತಿ ಅಂತ ನೋಡಾಕ ಬಂದ್ರೇನು?” ಸುತ್ತ ಹಮಾಲರು. ನಾನು ಚಾಚಾನ ಮುಖ ನೋಡಿದೆ. ಅವರೇ ಹೇಳಲಿ ಎಂದು. ಅವರು ಗೇಟಿನಲ್ಲಿಯೇ ನಿಂತುಬಿಟ್ಟರು. “ಹೊಲದಾಂವ ನೀನು. ಹೇಳಾಂವನೂ ನೀನ.”

ಚಿಮಣಿಯ ಬುಡಕ್ಕೆ ಹೋದೆ. ತಲೆ ಎತ್ತಿ ಕೂಗಿದೆ: “ಇಳೀರಿ ಯಪ್ಪಾ! ನನ್ನ ಹೊಲಿಗಿ ತಪ್ಪೈತಿ! ಬೆಲ್ಟಿನ ಮ್ಯಾಲೆ ಭಾರ ಹಾಕಬ್ಯಾಡ್ರಿ, ಕಬ್ಬಿಣದ ಮೆಟ್ಟಲಾ ಹಿಡೀರಿ!”

ಅವರು ಇಳಿಯಲು ಎಷ್ಟು ಹೊತ್ತಾಯಿತೋ... ಎರಡನೆಯವನ ಕಾಲು ನೆಲ ಮುಟ್ಟಿದ ಮೇಲೆ ಚಾಚಾ ಬಂದು ಒಂದು ತೌಡಿನ ಚೀಲದ ಮೇಲೆ ಕೂತರು. ಅವರು ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮರುದಿನದಿಂದ ನನಗೆ ಹೊಸದಾಗಿ ಹೊಲಿಗೆ ಕಲಿಸಿದರು. ಹೊಲಿಗೆ ಬಿಡಿಬಿಡಿಯಾಗಿರಬೇಕು, ಚೌಕ ಹಾಕಿ ಅದರೊಳಗೆ ಗುಣಾಕಾರದ ಗುರುತು ಬರಬೇಕು, ತುದಿ ಸುಡಬೇಕು. ಅವರಿಗೆ ಮಣ್ಣು ಕೊಟ್ಟು ಬಂದ ದಿನವೂ ನಾನು ಅಂಗಡಿ ತೆಗೆದೆ, ಮನೆಯಲ್ಲಿ ಇರಲಾಗಲಿಲ್ಲ. ಬೇವಿನ ಮರ ರಸ್ತೆ ಅಗಲ ಮಾಡುವಾಗ ಹೋಯಿತು.

ಹೋದ ವಾರದ್ದು ಹತ್ತು ಬೆಲ್ಟಿನ ಕೆಲಸ. ಹತ್ತಕ್ಕೂ ಒಂದೊಂದು ಸಲ ಜೋತಾಡಿದೆ. ಆದರೂ ನಿದ್ದೆ ಬರಲಿಲ್ಲ. ಜೋತಾಡಿ ನೋಡೀಯೇನು ಎಂದು ಕೇಳುವವರು ಈಗ ಯಾರೂ ಇಲ್ಲ, ನಾನೇ ಕೇಳಿಕೊಳ್ಳಬೇಕು.

ಈಗ ನನ್ನಲ್ಲಿರುವುದು ಇಷ್ಟು. ನಾಲ್ಕು ಹೊಲಿಗೆ ಯಂತ್ರ. ಮೂವರು ಕೆಲಸಗಾರರು. ಅಂಗಡಿಯ ತೊಲೆಗೆ ಒಂದು ಕಬ್ಬಿಣದ ಕೊಂಡಿ. ಒಂದು ಕೆಟ್ಟ ಮೊಣಕಾಲು. ಗೋಡೆಯ ಮೊಳೆಗೆ ಹರಿದ ಒಂದು ಬೆಲ್ಟು. ನನ್ನ ಬೆಲ್ಟು ಕಟ್ಟಿಕೊಂಡು ಹತ್ತಿ ಬಿದ್ದವರು, ನನಗೆ ಗೊತ್ತಿದ್ದ ಮಟ್ಟಿಗೆ, ಒಬ್ಬರೂ ಇಲ್ಲ.