ಕೊಕ್ಕೆ ಮೇಸ್ತ್ರಿ ಕೊಯ್ಯದ ಮರ

ನಮ್ಮ ದೊಡ್ಡಪ್ಪನಿಗೆ ನೀರು ನಿಂತರೆ ಆಗುತ್ತಿರಲಿಲ್ಲ. ಬಚ್ಚಲಿನ ತೂತಿಗೆ ಕೂದಲು ಸಿಕ್ಕಿಕೊಂಡರೆ ಬರಿಗೈ ಹಾಕಿ ಎಳೆಯುತ್ತಿದ್ದ. ಬೀದಿಯ ಚರಂಡಿಯಲ್ಲಿ ಎಲೆ ಕಂಡರೆ, ಅದು ಯಾರ ಮನೆಯ ಮುಂದೆಯೇ ಇರಲಿ, ಕುಕ್ಕರಗಾಲಲ್ಲಿ ಕೂತು ತೆಗೆದು ಪಕ್ಕಕ್ಕೆ ಗುಡ್ಡೆ ಹಾಕಿಯೇ ಮುಂದೆ ಹೋಗುತ್ತಿದ್ದ.

"ಊರ ಚರಂಡಿಯೆಲ್ಲ ನಿಮ್ಮ ಹೆಸರಿಗೆ ಬರೆದುಕೊಟ್ಟಿದ್ದಾರಾ ಮೇಸ್ತ್ರಿ?" ಎಂದು ಎದುರುಮನೆಯ ಬಡಗಿ ರೇಗಿಸುತ್ತಿದ್ದ.

"ಹರಿಯೋ ನೀರಿಗೆ ಅಡ್ಡ ಇರಬಾರದು ಕಣಯ್ಯ," ಎನ್ನುತ್ತಿದ್ದ ದೊಡ್ಡಪ್ಪ. ತಮಾಷೆಗೆ ಹೇಳುತ್ತಾನೆಂದು ಬೀದಿಯವರು ತಿಳಿದಿದ್ದರು. ಅವನು ತಮಾಷೆ ಮಾಡುವ ಪೈಕಿಯೇ ಅಲ್ಲ.

ಅವನದು ಅರಣ್ಯ ಇಲಾಖೆಯಲ್ಲಿ ಹಳ್ಳ ಬಿಡಿಸುವ ಕೆಲಸ. ಕಾಡಿನ ಹಳ್ಳಕ್ಕೆ ಮರ ಬಿದ್ದರೆ ಮೀನು ಮೇಲೆ ಹತ್ತುವುದಿಲ್ಲ, ನೆರೆ ಬಂದಾಗ ಅದು ಕೊಚ್ಚಿಹೋಗಿ ಸೇತುವೆಗೆ ಬಡಿಯುತ್ತದೆ, ಅಲ್ಲೇ ಕೊಳೆತು ನೀರು ಕೆಡಿಸುತ್ತದೆ ಎಂಬುದು ಇಲಾಖೆಯ ಆಗಿನ ದೊಡ್ಡವರ ನಂಬಿಕೆ. ಹಾಗಾಗಿ ಮಳೆ ಬಿಟ್ಟ ಮೇಲೆ ತಂಡ ಹಳ್ಳಕ್ಕಿಳಿದು, ಬಿದ್ದ ಮರ, ಬುಡ, ಕೊಂಬೆ ಎಲ್ಲವನ್ನೂ ಕೊಯ್ದು ದಡಕ್ಕೆಳೆದು ಸುಡಬೇಕು. ಎಳೆಯಲು ಉದ್ದ ಕೋಲಿನ ತುದಿಗೆ ಕಬ್ಬಿಣದ ಕೊಕ್ಕೆ. ಅದು ಸದಾ ಕೈಯಲ್ಲಿರುತ್ತಿದ್ದುದರಿಂದ ಊರಿಗೆಲ್ಲ ಅವನು ಕೊಕ್ಕೆ ಮೇಸ್ತ್ರಿ. ಹೆಸರೇನೋ ಕೊಕ್ಕೆ, ಮೇಲಿನವರ ಮಾತಿಗೆ ಒಂದು ದಿನವೂ ಕೊಕ್ಕೆ ಹಾಕಿದವನಲ್ಲ. ಅದೇ ಅವನ ದೋಷ ಎಂದು ನಾನು ಹೇಳುತ್ತೇನೆ. ಅಮ್ಮ ಹೇಳಲು ಬಿಡುವುದಿಲ್ಲ.

ನನ್ನಪ್ಪನನ್ನು ಆ ತಂಡಕ್ಕೆ ಸೇರಿಸಿದವನು ದೊಡ್ಡಪ್ಪನೇ. ಒಡಹುಟ್ಟಿದ ತಮ್ಮ, ಕಣ್ಣೆದುರಿಗೆ ಇರಲಿ ಎಂದು. ಹಳ್ಳದ ತಿರುವಿನಲ್ಲಿ ಒಂದು ದೊಡ್ಡ ಮರ ಅಡ್ಡ ಬಿದ್ದಿತ್ತು. ದೊಡ್ಡಪ್ಪ ದಡದಲ್ಲಿ ಹಗ್ಗ ಹಿಡಿಸುತ್ತಿದ್ದ, ಅಪ್ಪ ನೀರಿನಲ್ಲಿ ನಿಂತು ಕೊಂಬೆ ಕೊಯ್ಯುತ್ತಿದ್ದ. ಇಡೀ ಮರ ಯಾವ ಕೊಂಬೆಯ ಮೇಲೆ ಊರಿಕೊಂಡು ನಿಂತಿತ್ತೋ, ಅದೇ ಕೊಂಬೆಗೆ ಗರಗಸ ಬಿದ್ದಿತ್ತು. ನೀರಿನೊಳಗೆ ಅದು ಕಾಣುತ್ತಿರಲಿಲ್ಲ. ಕೊಂಬೆ ತುಂಡಾಯಿತು, ಮರ ಹೊರಳಿತು. ಅಪ್ಪನನ್ನು ಹೊರಗೆ ತೆಗೆದದ್ದೂ ಅದೇ ಕೊಕ್ಕೆ, ಅದೇ ಹಗ್ಗದಿಂದ.

ಆ ತಂಡದವರಲ್ಲಿ ಒಂದು ಕಟ್ಟು ಇತ್ತು. ಆಳನ್ನು ತಿಂದ ಮರಕ್ಕೆ ಮತ್ತೆ ಗರಗಸ ಇಡಬಾರದು, ಇಟ್ಟರೆ ಅದು ಇನ್ನೊಬ್ಬನನ್ನು ಕೇಳುತ್ತದೆ. ಯಾರೂ ಅದನ್ನು ಮುಟ್ಟಲಿಲ್ಲ. ಹಳ್ಳದ ಉದ್ದಕ್ಕೂ ಬಿದ್ದದ್ದನ್ನೆಲ್ಲ ಗುಡಿಸಿ ತೆಗೆದರು, ಆ ಮರ ಒಂದು ಹಾಗೇ ಉಳಿಯಿತು.

ಅಮ್ಮನಿಗೆ ಅದು ಗಂಟಲ ಮುಳ್ಳಾಯಿತು. "ಭಾವ, ಆ ಮರ ಅಲ್ಲಿ ಇರೋವರೆಗೂ ಅವರು ಅದರ ಕೆಳಗೇ ಸಿಕ್ಕಿಕೊಂಡಿದ್ದಾರೆ ಅನ್ಸುತ್ತೆ. ತೆಗೆಸಿಬಿಡಿ," ಎಂದಳು.

"ತಂಡದವರನ್ನ ಅದರ ಹತ್ರ ಕರ್ಕೊಂಡು ಹೋಗಕ್ಕಾಗಲ್ಲ, ಮೇಸ್ತ್ರಿಯಾಗಿದ್ದು ನಾನೇ ಕಟ್ಟು ಮುರಿಯಕ್ಕೂ ಆಗಲ್ಲ ತಾಯಿ. ರಿಟೈರ್ ಆದ ಮೇಲೆ ನಾನೊಬ್ಬನೇ ಹೋಗಿ ಕೊಯ್ತೀನಿ. ಮಾತು ಕೊಟ್ಟೆ," ಎಂದ ದೊಡ್ಡಪ್ಪ.

ಅವನು ಮದುವೆಯಾಗಲಿಲ್ಲ. ನಮ್ಮನ್ನು ಸಾಕಿದ. ನಾನು ಅಪ್ಪನನ್ನು ನೆನೆಸಿಕೊಂಡು ಅತ್ತಾಗಲೆಲ್ಲ ಒಂದೇ ಮಾತು: "ನಿಮ್ಮಪ್ಪ ಹಳ್ಳ ಉಳಿಸಕ್ಕೆ ಹೋಗಿ ಸತ್ತ ಕಣೇ. ಸುಮ್ಮನೆ ಸಾಯಲಿಲ್ಲ." ಶಾಲೆಯಲ್ಲಿ ನಾನದನ್ನು ಎದೆ ಉಬ್ಬಿಸಿ ಹೇಳುತ್ತಿದ್ದೆ. ಅಮ್ಮನೂ ಆ ಮಾತನ್ನೇ ಹಿಡಿದುಕೊಂಡು ದಿನ ತಳ್ಳಿದಳು. ಆದರೆ ಹಳ್ಳದ ಕಡೆ ಮಾತ್ರ ತಲೆ ಹಾಕಲಿಲ್ಲ. ಪೇಟೆಗೆ ಹೋಗಬೇಕಾದರೂ ಸೇತುವೆಯ ದಾರಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದಳು.

ಪ್ರತಿ ಮಳೆಗಾಲ ಮುಗಿದಾಗಲೂ ದೊಡ್ಡಪ್ಪ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ತನ್ನ ಸ್ವಂತ ಗರಗಸದ ಹಲ್ಲು ಅರದಿಂದ ಉಜ್ಜುತ್ತಿದ್ದ. ಅಮ್ಮ ಬಟ್ಟಲಲ್ಲಿ ಎಣ್ಣೆ ತಂದು ಪಕ್ಕಕ್ಕಿಡುತ್ತಿದ್ದಳು. ಆ ಗರಗಸ ಯಾವ ಮರಕ್ಕೆಂದು ಇಬ್ಬರಿಗೂ ಗೊತ್ತು.

ಕೊನೆಗೂ ಅವನು ಕೆಲಸದಿಂದ ನಿವೃತ್ತನಾದ. ನೀರು ತಗ್ಗಲಿ, ಹೋಗಿ ಕೊಯ್ಯುತ್ತೇನೆ ಎಂದು ಕಾಯುತ್ತಿದ್ದ. ಅಷ್ಟರಲ್ಲಿ ಇಲಾಖೆಯ ಹೊಸ ಅಧಿಕಾರಿ ಮನೆಗೆ ಬಂದಳು. ಹೆಚ್ಚುಕಡಿಮೆ ನನ್ನ ವಯಸ್ಸಿನವಳು, ಮಂಡಿಯವರೆಗೆ ಕೆಸರು. ಒಳ್ಳೆಯವಳೇ. ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಇನ್ನೂ ಕಷ್ಟ.

"ಇಡೀ ಹಳ್ಳದಲ್ಲಿ ಮೀನು ಉಳಿದಿರೋದು ಒಂದೇ ಕಡೆ ಮೇಸ್ತ್ರಿಗಳೇ, ನೀವು ತೆಗೀದೆ ಬಿಟ್ಟಿದ್ದೀರಲ್ಲ, ಆ ಮರದ ಹತ್ರ," ಎಂದಳು. ಆಮೇಲೆ ಬಿಡಿಸಿ ಹೇಳಿದಳು. ಬಿದ್ದ ಮರ ನೀರಿನ ಓಟ ತಡೆದು ಹಿಂದೆ ಮಡು ಮಾಡುತ್ತದೆ. ಉದುರಿದ ಎಲೆ ಕೊಚ್ಚಿಹೋಗದೆ ಅಲ್ಲಿ ತಂಗುತ್ತದೆ. ಕೊಳೆತ ಎಲೆಯನ್ನೂ ಮರವನ್ನೂ ಹುಳು ತಿನ್ನುತ್ತದೆ, ಹುಳುವನ್ನು ಮೀನು ತಿನ್ನುತ್ತದೆ. ಬೇಸಿಗೆಯಲ್ಲಿ ನೆರಳು, ನೆರೆಯಲ್ಲಿ ಅಡಗಲು ಜಾಗ. ಮರ ತೆಗೆದ ಕಡೆಯೆಲ್ಲ ನೀರು ಬಿರುಸಾಗಿ ಹರಿದು ಮರಳನ್ನು ಕೆರೆದು, ಬರೀ ಬಂಡೆ ಉಳಿದಿದೆ. "ಅದಕ್ಕೇ ಈಗ ಹಳ್ಳಕ್ಕೆ ಮರ ವಾಪಸ್ ಹಾಕ್ತಿದ್ದೀವಿ. ನಿಮ್ಮ ಮರದ ಹತ್ರಾನೇ ಶುರು ಮಾಡೋ ಸಮಾರಂಭ. ನೀವು ಬರಲೇಬೇಕು."

ದೊಡ್ಡಪ್ಪ ಆಯಿತು ಎಂದ. ಯಾರು ಏನು ಕೇಳಿದರೂ ಅವನು ಆಯಿತು ಎನ್ನುವವನೇ. ಅವಳು ಹೋದ ಮೇಲೆ ಗೋಡೆ ನೋಡುತ್ತ ಕೂತ. ಅವತ್ತು ಊಟ ಮಾಡಲಿಲ್ಲ.

ಅಮ್ಮ ಅಷ್ಟು ವರ್ಷಗಳ ಮೇಲೆ ಹಳ್ಳಕ್ಕೆ ಬಂದದ್ದು ಆ ದಿನವೇ. ದಡದಲ್ಲಿ ಕುರ್ಚಿ ಹಾಕಿದ್ದರು. ಮರಕ್ಕೆ ಪಾಚಿ ಹತ್ತಿ ಹಸಿರಾಗಿತ್ತು. ಅದರ ಹಿಂದೆ ಕಪ್ಪು ಮಡು, ಅದರಲ್ಲಿ ಬೆರಳುದ್ದದ ಮೀನುಗಳು. ಇಲಾಖೆಯ ದೊಡ್ಡ ಸಾಹೇಬರು ದೊಡ್ಡಪ್ಪನ ಹೆಗಲ ಮೇಲೆ ಕೈಯಿಟ್ಟು, "ಇಂಥ ದೂರದೃಷ್ಟಿ ಎಲ್ಲರಿಗೂ ಬರಲ್ಲ. ಎಲ್ಲಾ ತೆಗೆದು ಇದೊಂದನ್ನ ಯಾಕೆ ಉಳಿಸಿದ್ರಿ ಅಂತ ನೀವೇ ಹೇಳಿ," ಎಂದು ಮೈಕು ಕೊಟ್ಟರು.

"ಇದು ನನ್ನ ತಮ್ಮನ್ನ ತಿಂತು," ಎಂದ ದೊಡ್ಡಪ್ಪ.

ಮೈಕು ದೂರ ಹಿಡಿದಿದ್ದ. ಮುಂದಿನ ಸಾಲಿನವರಿಗಷ್ಟೇ ಕೇಳಿಸಿತು. ಹಿಂದಿನವರು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯ ನಡುವೆ ಅಮ್ಮ ಎದ್ದು ಸಾಹೇಬರ ಹತ್ತಿರ ಹೋದಳು. "ಸ್ವಾಮಿ, ಮಿಕ್ಕ ಮರಗಳನ್ನೂ ಮುಟ್ಟದೆ ಬಿಟ್ಟಿದ್ರೆ ಏನಾಗ್ತಿತ್ತು?" ಎಂದು ಮೆಲ್ಲಗೆ ಕೇಳಿದಳು.

ಸಾಹೇಬರು ನಕ್ಕರು. "ಏನಾಗ್ತಿತ್ತಮ್ಮ, ಹಳ್ಳದ ತುಂಬ ಮೀನಿರ್ತಿತ್ತು."

ಮರ ತಿಂದವನ ಹೆಂಡತಿ ಇವಳೇ ಎಂದು ಪಕ್ಕದಲ್ಲಿದ್ದ ಹೊಸ ಅಧಿಕಾರಿಗೆ ಆಗ ಅರ್ಥವಾಯಿತು. ಮುಖ ಬಿಳುಚಿಕೊಂಡಿತು. "ಆಗ ಯಾರಿಗೂ ಗೊತ್ತಿರಲಿಲ್ಲ ಅಮ್ಮ," ಎಂದಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ನನಗೆ ಮೈಯೆಲ್ಲ ಉರಿಯಿತು, ಇವತ್ತಿಗೂ ಉರಿಯುತ್ತದೆ. ಗೊತ್ತಿಲ್ಲದವರು ಸುಮ್ಮನಿರಬಹುದಿತ್ತಲ್ಲ. ಬಿದ್ದದ್ದನ್ನು ಬಿದ್ದಲ್ಲೇ ಬಿಡಲು ಯಾವ ಓದು ಬೇಕಿತ್ತು? ನನ್ನಪ್ಪ ಹಳ್ಳ ಉಳಿಸಲು ಹೋಗಿ ಸತ್ತವನಲ್ಲ, ಹಳ್ಳ ಹಾಳುಮಾಡಲು ಹೋಗಿ ಸತ್ತವನು. ಇದನ್ನು ಎದೆ ಉಬ್ಬಿಸಿ ಯಾರಿಗೆ ಹೇಳಲಿ?

ಮನೆಗೆ ಬರುವ ದಾರಿಯಲ್ಲಿ ಅಮ್ಮ, "ಯಾವಾಗ ಕೊಯ್ತೀರಿ ಭಾವ?" ಎಂದಳು.

"ಅದನ್ನ ಮುಟ್ಟಬಾರದು ಅಂತ ಬೋರ್ಡು ಹಾಕಿದ್ದಾರೆ."

"ಬೋರ್ಡು ನೋಡಿ ಮಾತು ಕೊಟ್ಟಿರಲಿಲ್ಲ ನೀವು."

ನೀರು ತಗ್ಗಿದ ಮೇಲೆ ಒಂದು ದಿನ ಬೆಳಿಗ್ಗೆ ದೊಡ್ಡಪ್ಪ ಗರಗಸ ಹೆಗಲಿಗೆ ಹಾಕಿಕೊಂಡು ಹೊರಟ. ಅಮ್ಮ ಬಾಗಿಲಲ್ಲೇ ನಿಂತು ನೋಡಿದಳು. ಸಂಜೆಗೆ ಬಂದ. ಅಮ್ಮ ಗರಗಸ ಇಸಿದುಕೊಂಡು ಹಲ್ಲುಗಳ ಮೇಲೆ ಬೆರಳಾಡಿಸಿದಳು. ಒಂದು ಚೂರು ಮರದ ಹೊಟ್ಟೂ ಇರಲಿಲ್ಲ.

"ಮೀನಿದೆ ತಾಯಿ ಅದರಡಿ," ಎಂದ ದೊಡ್ಡಪ್ಪ. "ಆ ಹಳ್ಳದಲ್ಲಿ ನಾನು ಕೆಡಿಸದೆ ಬಿಟ್ಟಿದ್ದು ಅದೊಂದೇ. ಕೈ ಬರಲಿಲ್ಲ."

ಅಮ್ಮ ಎಣ್ಣೆ ಬಟ್ಟಲನ್ನು ತೊಳೆದು ಪಾತ್ರೆಗಳ ಜೊತೆ ಬೋರಲು ಹಾಕಿದಳು. ಗರಗಸಕ್ಕೆ ತುಕ್ಕು ಹಿಡಿಯಿತು.

ಮುಂದಿನ ಮಳೆಗೆ ಬೀದಿಯ ಚರಂಡಿ ಎಲೆ ಕಟ್ಟಿಕೊಂಡು ನೀರು ನಮ್ಮ ಹೊಸ್ತಿಲು ದಾಟಿ ಒಳಗೆ ಬಂತು. ದೊಡ್ಡಪ್ಪ ಮಂಚದ ಮೇಲೆ ಕಾಲು ಮಡಚಿಕೊಂಡು ಅದನ್ನೇ ನೋಡುತ್ತ ಕೂತಿದ್ದ. "ಏಳು ದೊಡ್ಡಪ್ಪ, ಅಕ್ಕಿ ಚೀಲ ನೆನೀತಿದೆ," ಎಂದು ನಾನು ರೇಗಿದೆ.

"ಯಾವುದನ್ನ ತೆಗೀಬೇಕು, ಯಾವುದನ್ನ ಬಿಡಬೇಕು, ನನಗೆ ಗೊತ್ತಾಗಲ್ಲ ಕಣೇ," ಎಂದ.

ಅಮ್ಮ ಮಳೆಯಲ್ಲೇ ಹೊರಗೆ ಹೋಗಿ ಚರಂಡಿಗೆ ಕೈ ಹಾಕಿ ಎಲೆಯ ಮುದ್ದೆಯನ್ನು ಕಿತ್ತು ಎಸೆದಳು. ನೀರು ಇಳಿಯಿತು. ಒಳಗೆ ಬಂದು, ಕೈಯ ಕೆಸರನ್ನೂ ಒರೆಸಿಕೊಳ್ಳದೆ ಅವನ ಮುಂದೆ ನಿಂತಳು.

"ಇದು ಚರಂಡಿ ಭಾವ, ಇದನ್ನ ತೆಗೀಬೇಕು," ಎಂದಳು. "ಅದು ಹಳ್ಳ. ಅದನ್ನ ಅದರ ಪಾಡಿಗೆ ಬಿಡಬೇಕಿತ್ತು."